ಪಾತ್ರೊ ಎಂದರೆ ಯಾರು

ಎಸ್ಪೆರಾಂಟೊದಲ್ಲಿ ‘ಪಾತ್ರೊ’ ಎಂದರೆ ತಂದೆ. ಅದು ಒಬ್ಬ ಕಣ್ಣಿನ ವೈದ್ಯ ಕೂತು ಕಟ್ಟಿದ ಭಾಷೆ. ಅದರೊಡನೆ ಜಗಳವಾಡಿ ಬೇರೆಯಾದ ಇಡೊ ಭಾಷೆಯಲ್ಲಿ ಅದೇ ಪದಕ್ಕೆ ತಂದೆ ಇಲ್ಲವೇ ತಾಯಿ, ಇಬ್ಬರಲ್ಲಿ ಯಾರಾದರೂ ಸರಿ. ಎರಡಕ್ಕೂ ಬೇರು ಲ್ಯಾಟಿನ್. ಅಲ್ಲಿ ಅದೇ ಅಕ್ಷರಗಳದೊಂದು ಕ್ರಿಯಾಪದವಿದೆ: ‘ಹಿಡಿದದ್ದನ್ನು ಮುಗಿಸುತ್ತೇನೆ’. ಮಸ್ಕಿಯಿಂದ ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಹೋಗುವಾಗ ಮೊಬೈಲಿನಲ್ಲಿ ಇಂಥವನ್ನು ಕಲಿಯುವುದು ನನ್ನ ಚಟ.

ತಂಗಿಯ ಮದುವೆ ಗೊತ್ತಾದಾಗ ಈ ಪದವನ್ನು ಅವ್ವನಿಗೆ ಹೇಳಿದೆ. ಅಪ್ಪ ಸತ್ತಾಗ ತಂಗಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅವ್ವ ಖಡಕ್ ರೊಟ್ಟಿ ಬಡಿದು ಮಾರಿ ನಮ್ಮನ್ನು ಓದಿಸಿದಳು. ಮಗಳ ಧಾರೆ ತಾನೇ ಎರೆಯಬೇಕೆಂಬುದು ಅವಳ ಒಂದೇ ಆಸೆ. ನಮ್ಮಲ್ಲಿ ಧಾರೆಗೆ ಗಂಡಹೆಂಡತಿ ಜೋಡಿಯಾಗಿ ಕೂರಬೇಕು. ಗಂಡ ಸತ್ತವಳು ಧಾರೆಯ ತಂಬಿಗೆ ಮುಟ್ಟುವಂತಿಲ್ಲ. ಲಿಂಗಸುಗೂರಿನ ದೊಡ್ಡಪ್ಪ, ದೊಡ್ಡವ್ವ ಕೂರುವುದೆಂದು ಹಿರಿಯರು ತೀರ್ಮಾನಿಸಿದ್ದರು. ತಂಗಿ ಏನು ಓದಿದ್ದಾಳೆಂಬುದೂ ದೊಡ್ಡಪ್ಪನಿಗೆ ಗೊತ್ತಿರಲಿಲ್ಲ.

“ಇಡೊ ಭಾಷಾದಾಗ ನೀನೂ ಪಾತ್ರೊನೇ, ಯವ್ವಾ,” ಎಂದೆ.

ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: “ಆ ಭಾಷಾ ಮಾತಾಡೋ ಮಂದಿ ಮದುವಿಗೆ ಬರ್ತಾರೇನು?”

ಮೂವರೂ ನಕ್ಕೆವು ಎಂದು ನೆನಪು. ತಂಗಿ ನಗಲಿಲ್ಲವೇನೋ; ಅವಳ ಮುಖವನ್ನು ನಾನು ನೋಡಿರಲಿಕ್ಕಿಲ್ಲ. ಲ್ಯಾಟಿನ್ನಿನ ಅರ್ಥ ಮಾತ್ರ ಅವ್ವನಿಗೆ ಹಿಡಿಸಿತು. “ಹಿಡದಾಕಿ ನಾನ, ಮುಗಸಾಕೀನೂ ನಾನ,” ಎಂದಳು. ಅದು ತಮಾಷೆಯೋ ನಿರ್ಧಾರವೋ ಆಗ ನನಗೆ ತಿಳಿಯಲಿಲ್ಲ.

ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ, ಮುಹೂರ್ತ ಹತ್ತಿರ ಬಂದಾಗ, ಅವ್ವ ನೆಟ್ಟಗೆ ವೇದಿಕೆ ಹತ್ತಿ ತಂಬಿಗೆ ಎತ್ತಿಕೊಂಡಳು. ದೊಡ್ಡವ್ವ ಹತ್ತಿರ ಬಂದು, “ನಿನ್ನ ಗಂಡನ್ನ ತಿಂದಿದ್ದು ಸಾಲಲಿಲ್ಲೇನು?” ಎಂದಳು. ಇಂಥ ಮಾತು ಅವ್ವನಿಗೆ ಹೊಸದಲ್ಲ. ಅಲುಗದೆ ನಿಂತು ಮಗಳ ಕಡೆ ನೋಡಿದಳು. ನಾನೂ ತಂಗಿಯನ್ನೇ ನೋಡುತ್ತಿದ್ದೆ. ಅವಳೊಂದು ಮಾತು ಹೇಳಿದರೆ ದೊಡ್ಡಪ್ಪ ಹಿಂದೆ ಸರಿಯುತ್ತಾನೆ ಎಂದುಕೊಂಡಿದ್ದೆ.

ತಂಗಿ ಬಾಸಿಂಗ ಸರಿಮಾಡಿಕೊಂಡು, ದನಿ ಏರಿಸದೆ ಹೇಳಿದಳು: “ಅದನ್ನ ಇಟ್ಟು ಒಳಗ ನಡಿ, ಯವ್ವಾ. ನಾಳಿ ನನ್ನ ಗಂಡಗ ಏನರ ಆದ್ರ ಎಲ್ಲಾರೂ ನಿನ್ನ ಕೈ ತೋರಸ್ತಾರ. ನಾನೂ ತೋರಸ್ತೀನಿ.”

ಅವ್ವ ಅತ್ತಳೆಂದು ಬರೆಯಬಹುದು. ಅಳಲಿಲ್ಲ. ತನ್ನ ಬೆರಳು ತಾಕಿದ್ದ ಕಡೆಯಲ್ಲೆಲ್ಲ ತಂಬಿಗೆಯನ್ನು ಸೆರಗಿನಿಂದ ಒರೆಸಿ, ದೊಡ್ಡವ್ವನ ಮುಂದೆ ನೆಲಕ್ಕಿಟ್ಟಳು.