ಕೆಟ್ಟವರ ಮನೆಯ ವ್ಯುತ್ಪತ್ತಿ

೨೦೨೩ರ ಮಾರ್ಚ್ ೫, ಭಾನುವಾರ. ಆಧಾರ: ನನ್ನ ದಿನಚರಿ, ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅಂದು ಬೆಳಿಗ್ಗೆ ಲಕ್ಷ್ಮೇಶ್ವರದಿಂದ ನನ್ನ ಬಾಲ್ಯದ ಗೆಳೆಯ, ಸ್ಟೌ ಮತ್ತು ಮಿಕ್ಸರ್ ರಿಪೇರಿ ಮಾಡುವವನು, ಗದುಗಿನ ನಮ್ಮ ಮನೆಗೆ ಬಂದ. ಅವನ ಮೊಮ್ಮಗಳಿಗೆ ಶಿರಹಟ್ಟಿಯ ಸಂಬಂಧ ಕೂಡಿಬಂದಿತ್ತು. ವರನ ಕಡೆಯವರು ಓಣಿಯಲ್ಲಿ ಮನೆ ವಿಚಾರಿಸಿದಾಗ ಯಾರೋ, "ಕೆಟ್ಟವರ ಮನಿ ಏನ್ರಿ? ಹಿಂಗ ಮುಂದ ಹೋಗ್ರಿ" ಎಂದು ಕೈ ತೋರಿಸಿದ್ದರು. ಅವರು ಮುಂದೆ ಹೋಗದೆ ಊರಿಗೆ ಮರಳಿದ್ದರು.

"ಲೇ, ನಾವು ಹುಟ್ಟಾ ಕೆಟ್ಟವರಲ್ಲಂತ ಒಂದು ಚೀಟಿ ಬರದುಕೊಡು. ನೀ ಸಂಶೋಧನಾ ಮಾಡಿದಾಂವ, ನಿನ್ನ ಮಾತು ನಂಬ್ತಾರ."

ಮನುಷ್ಯ ಸ್ವಭಾವತಃ ಕೆಟ್ಟವನಾಗಿರಬಲ್ಲನೇ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆಯೆಂದೂ, ಕನಿಷ್ಠ ಮೂರು ತಲೆಮಾರಿನ ಆಧಾರಗಳಿಲ್ಲದೆ ಸಹಿ ಹಾಕಲಾರೆನೆಂದೂ ವಿವರಿಸಿದೆ. ಅವನು ಚಹಾ ಮುಗಿಸಿ, ಹುಡುಗಿ ಎರಡು ದಿನದಿಂದ ಉಂಡಿಲ್ಲ ಎಂದಷ್ಟೇ ಹೇಳಿದ. ನಾನು ಅಂಗಿ ಬದಲಿಸಿದೆ.

ಶಿರಹಟ್ಟಿಯ ಬಸ್ಸಿನಲ್ಲಿ ನೆನಪು ಕೈಹಿಡಿಯಿತು. ಅವನ ಅಪ್ಪ ಮನೆಯ ಮುಂದೆ ತಗಡಿನ ಫಲಕ ಹಾಕಿದ್ದರು: 'ಕೆಟ್ಟ ಸ್ಟೌ ಇಲ್ಲಿ ಕೊಡಿರಿ.' ಕೆಟ್ಟ ಸ್ಟೌಗಳ ಮನೆಯೇ ಜನರ ಬಾಯಲ್ಲಿ ಸವೆದು ಕೆಟ್ಟವರ ಮನೆಯಾಗಿತ್ತು! ಇದನ್ನು ವರನ ಮನೆಯಲ್ಲಿ, ವ್ಯಾಕರಣದ ನೆರವಿನಿಂದ, ಅರ್ಧ ತಾಸು ಮಂಡಿಸಿದೆ.

ವರನ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಒಳಗೆ ಹೋಗಿ, ನಿಂತುಹೋದ ಮಿಕ್ಸರೊಂದನ್ನು ತಂದು ನಮ್ಮ ಮುಂದಿಟ್ಟರು. ಗೆಳೆಯ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದ. ಒಂದು ವಂಶದ ಹುಟ್ಟುಗುಣ ನಿರ್ಣಯವಾಗುವ ತನಕ ಹನ್ನೊಂದು ಜನ ಹಿರಿಯರು ಚಟ್ನಿಯ ಪಾತ್ರೆಯನ್ನೇ ನೋಡುತ್ತ ಕುಳಿತೆವು. ಮಿಕ್ಸರ್ ತಿರುಗಿತು.

"ಮನಷ್ಯಾರು ಕೆಟ್ರ ಏನ್ ಮಾಡ್ತೀರಿ?" ಎಂದರು ಅಜ್ಜಿ.

"ಅವಕ್ಕ ಸ್ಪೇರ್ ಸಿಗೂದಿಲ್ರಿ, ಅವ್ವಾರ."

ಅಜ್ಜಿ ಮಿಕ್ಸರಿನ ಗುಂಡಿಯನ್ನು ತಾವೇ ಇನ್ನೊಮ್ಮೆ ತಿರುಗಿಸಿ ನೋಡಿದರು. "ಆತು. ಸಕ್ರಿ ತರ್ರಿ."

ಮದುವೆಯಾಯಿತು, ಹುಡುಗಿ ಶಿರಹಟ್ಟಿಯಲ್ಲಿ ಸುಖವಾಗಿದ್ದಾಳೆ. ಈ ಬರಹಕ್ಕೆಂದು, ಆ ಫಲಕ ಹಾಕಿದ ವರ್ಷವನ್ನು ಖಚಿತಪಡಿಸಿಕೊಳ್ಳಲು, ಕಳೆದ ವಾರ ಗೆಳೆಯನ ಟ್ರಂಕಿನ ಹಳೆಯ ಕಾಗದಗಳನ್ನು ತೆಗೆಸಿದೆ. ಅವನ ಮುತ್ತಜ್ಜನ ಕಾಲದ, ಎಂದರೆ ಸ್ಟೌ ಎಂಬ ವಸ್ತು ಆ ಓಣಿಯನ್ನು ಕಾಣುವುದಕ್ಕೂ ಹಿಂದಿನ ಮನೆಪಟ್ಟಿಯೊಂದು ಸಿಕ್ಕಿತು. ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗಿದೆ: 'ಕೆಟ್ಟವರ ಮನಿ. ಕಸಬು: ಹೂವು ಮಾರುವುದು.'