ಮುಂದಿನ ಸಾಲಿನ ರೌಡಿ

ನುಗ್ಗೇಹಳ್ಳಿಯ ರುದ್ರೇಶ ರೌಡಿ ಅಂದರೆ ಅವನ ಪಕ್ಕದ ಮನೆಯವನಾದ ನನಗೆ ನಗು ಬರುತ್ತದೆ. ಕೊಬ್ಬರಿ ವ್ಯಾಪಾರಿ, ಬಾಯಿ ಸ್ವಲ್ಪ ಜೋರು, ಅಷ್ಟೇ. ಹರೆಯದಲ್ಲಿ ಪಂಚಾಯಿತಿ ಚುನಾವಣೆಯ ಗಲಾಟೆಯಲ್ಲಿ ಎದುರು ಪಾರ್ಟಿಯವನ ತಲೆಗೆ ದೊಣ್ಣೆಯಲ್ಲಿ ಬಾರಿಸಿದ್ದ. ಏಟು ತಿಂದವನೇ ಈಗ ಅವನ ಜೊತೆ ಕೂತು ಕಾಫಿ ಕುಡಿಯುತ್ತಾನೆ. ಪೊಲೀಸರು ಅವತ್ತು ತೆರೆದ ರೌಡಿಶೀಟ್ ಮಾತ್ರ ಹಾಗೇ ಇದೆ.

ಅವನ ಮಗಳು ನಿಧಿಗೆ ದುದ್ದ ಅನ್ನೋ ಊರಿನಿಂದ ಸಂಬಂಧ ಕುದುರಿತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ಅಪ್ಪ ಚನ್ನಬಸವಯ್ಯನವರು, ಮೊದಲು ರೌಡಿಶೀಟಿನಿಂದ ಹೆಸರು ತೆಗೆಸಿಕೊಂಡು ಬನ್ನಿ, ಆಮೇಲೆ ನಿಶ್ಚಿತಾರ್ಥ ಅಂದರು. ರುದ್ರೇಶ ಸ್ಟೇಷನ್ನಿಗೆ ಅಲೆಯತೊಡಗಿದ.

ಅದೇ ಹೊತ್ತಿಗೆ ಗ್ಯಾಂಗುಗಳನ್ನು ಮಟ್ಟಹಾಕಲು ಕಟ್ಟಿದ ಹೊಸ ಪೊಲೀಸ್ ದಳಕ್ಕೆ ಸರ್ಕಾರ ಧಾರಾಳವಾಗಿ ಅನುದಾನ ಕೊಟ್ಟಿತ್ತು. ಜೀಪು ಬಂತು, ಕ್ಯಾಮೆರಾ ಬಂತು, ಗ್ಯಾಂಗು ಮಾತ್ರ ಸಿಗಲಿಲ್ಲ. ಕೊಟ್ಟ ದುಡ್ಡಿಗೆ ಏನಾದರೂ ತೋರಿಸಬೇಕಲ್ಲ! ದಳದ ಇನ್ಸ್‌ಪೆಕ್ಟರು ರುದ್ರೇಶನನ್ನು ಕರೆಸಿ, ಹಾಸನದಲ್ಲಿ ದೊಡ್ಡ ಸಾಹೇಬರು ರೌಡಿ ಪರೇಡ್ ನಡೆಸುತ್ತಾರೆ, ಬಂದು ಕೈಮುಗಿದು ಕೇಳಿಕೋ, ಹೆಸರು ತೆಗೆಸುತ್ತೇನೆ ಅಂದರು.

ಈ ಪುಣ್ಯಾತ್ಮ ಬೀಗರ ಮನೆಗೆ ಹೊರಟವನಂತೆ ಸಿಂಗರಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು, ಹಣೆಗೆ ವಿಭೂತಿ, ತಿರುವಿದ ಮೀಸೆ. ಸಾಹೇಬರ ಕಣ್ಣಿಗೆ ಮರ್ಯಾದಸ್ಥನಾಗಿ ಕಾಣಬೇಕೆಂಬ ಆಸೆ. ನಿಜವಾದ ರೌಡಿಗಳಿಗೆ ಸುದ್ದಿ ಮೊದಲೇ ಮುಟ್ಟಿ ಅವರು ಊರು ಬಿಟ್ಟಿದ್ದರು. ಮೈದಾನದಲ್ಲಿದ್ದ ಹರಕಲು ಬಟ್ಟೆಯ ಪುಡಿಗಳ್ಳರ ನಡುವೆ ಇವನೊಬ್ಬನೇ ಲೀಡರ್ ತರಹ ಕಂಡ. ಟಿವಿಯವರೂ ಇದ್ದರು. ಇನ್ಸ್‌ಪೆಕ್ಟರು ಅವನನ್ನು ಮುಂದಿನ ಸಾಲಿಗೆ ಎಳೆದು, ಕುಕ್ಕರಗಾಲಲ್ಲಿ ಕೂರಿಸಿ, ಎಲ್ಲರೆದುರು ಅರ್ಧ ಮೀಸೆ ಬೋಳಿಸಿದರು. ಸಾಹೇಬರು ಆ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಟಿವಿಯಲ್ಲಿ ರುದ್ರೇಶನೇ ಗ್ಯಾಂಗಿನ ನಾಯಕ. ಚನ್ನಬಸವಯ್ಯನವರು ಒಂದು ಫೋನೂ ಮಾಡದೆ, ಸಂಬಂಧ ಬೇಡವೆಂದು ಮೆಸೇಜು ಕಳಿಸಿದರು. ಹೆಸರು ತೆಗೆಸಿದರೆ ಅವರು ಮನಸ್ಸು ಬದಲಾಯಿಸಿಯಾರು ಎಂಬ ಹುಚ್ಚು ಆಸೆ ಇವನಿಗೆ. ಮರುದಿನ ನನ್ನನ್ನೂ ಕರೆದುಕೊಂಡು ಇನ್ಸ್‌ಪೆಕ್ಟರ ಬಳಿ ಹೋದ.

"ಎಸ್ರು ತಗಿಸ್ತೀನಿ ಅಂದಿದ್ರಲ್ಲ ಸಾ. ಮಗ್ಳು ಮದ್ವೆ ನಿಂತೋಯ್ತು."

"ನಿನ್ನಂತೋರು ಲಿಸ್ಟಲ್ಲಿದ್ರೆ ತಾನೇ ನಮ್ಗೆ ಮುಂದಿನ್ ವರ್ಷ ದುಡ್ಡು ಬರೋದು," ಅಂದರು ಇನ್ಸ್‌ಪೆಕ್ಟರು. "ಲೀಡರನ್ನೇ ಕೈಬಿಟ್ರೆ ಮೇಲಿನೋರು ನಮ್ಗೆ ಏನಂತಾರ್ಲಾ?"

ನನಗೆ ಮೈಯೆಲ್ಲ ಉರಿದುಹೋಯಿತು. ರುದ್ರೇಶ ಮುಗಿದ ಕೈ ಇಳಿಸಲೇ ಇಲ್ಲ. ಊರಿಗೆ ಬಂದಾಗ ನಿಧಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನು ಬೀದಿಯಲ್ಲೇ ನಿಂತು, ನೀನೇ ಹೋಗಿ ಹೇಳಪ್ಪ ಎಂದ. ನನ್ನ ಕೈಲೂ ಆಗಲಿಲ್ಲ.