ತಮ್ಮ ವಿಧಾನವನ್ನು ಬಿಟ್ಟುಕೊಟ್ಟ ಮೇಡಂ

ವರ್ಷಗಟ್ಟಲೆ ಸದ್ದು ತಡೆಯುವ ಇಯರ್ ಮಫ್ ಹಾಕಿ ಹಾಕಿ ನಮ್ಮ ಮೇಡಂ ಅವರ ತಲೆಗೂದಲ ನಡುವೆ ಒಂದು ತಗ್ಗೇ ಬಿದ್ದಿತ್ತು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಸೇಫ್ಟಿ ಶೂ. ಪೀಣ್ಯದ ನಮ್ಮ ಪರೀಕ್ಷಾ ಶೆಡ್ಡಿನಲ್ಲಿ ಪುಟ್ಟ ಜೆಟ್ ಎಂಜಿನ್ ಅಬ್ಬರಿಸತೊಡಗಿದರೆ, ಪರದೆಯ ಮೇಲೆ ಅಂಕಿಗಳೆಲ್ಲ ಓಡುತ್ತಿದ್ದರೂ, ಅವರು ಅದರ ಕಂಪನ ತಿಳಿಯಲು ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು.

ಅದು ಪೈಲಟ್ ಇಲ್ಲದ ವಿಮಾನದ ಎಂಜಿನ್. ಕಡಿಮೆ ವೇಗದಲ್ಲಿ ಒಂದು ಸ್ವಭಾವ, ಪೂರ್ತಿ ವೇಗದಲ್ಲಿ ಇನ್ನೊಂದು. ಸರಳರೇಖೆಯ ಲೆಕ್ಕಕ್ಕೆ ಬಗ್ಗುವ ಜಾತಿಯಲ್ಲ. ಅದರ ತಳ್ಳುಬಲವನ್ನು ಹತೋಟಿಯಲ್ಲಿಡಲು ಎರಡು ವಿಧಾನಗಳು ನಮ್ಮ ಮುಂದಿದ್ದವು. ಸ್ಲೈಡಿಂಗ್ ಮೋಡ್ ಎಂಬುದು ಮೇಡಂ ಅವರದು, ಪಿಎಚ್‌ಡಿ ಕಾಲದಿಂದ ಬೆಳೆಸಿಕೊಂಡು ಬಂದದ್ದು. ಬ್ಯಾಕ್‌ಸ್ಟೆಪಿಂಗ್ ಎಂಬುದು ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ತಂದದ್ದು.

"ತಮ್ಮಾ, ನಿನ್ನ ಕೂಸಿಗೆ ನೀನೇ ಮಾರ್ಕ್ಸ್ ಹಾಕ್ಬ್ಯಾಡ," ಎಂದರು ಮೇಡಂ ತಮ್ಮ ದಾವಣಗೆರೆ ಮಾತಿನಲ್ಲಿ. "ನಂದು ನೀ ತಗೋ, ನಿಂದು ನಾ ತಗೊಂತೀನಿ. ಇಬ್ರೂ ಕೈಲಾದಷ್ಟು ಚೆನ್ನಾಗಿ ಓಡ್ಸಿ ತೋರ್ಸೋಣ."

ನನ್ನ ವಿಧಾನವನ್ನು ಅವರು ಎಷ್ಟು ನಯವಾಗಿ ಹೊಂದಿಸಿದರೆಂದರೆ, ನನಗೇ ಅಷ್ಟು ಸಾಧ್ಯವಾಗಿರಲಿಲ್ಲ. ನಾನೂ ಅವರದಕ್ಕೆ ಬೆವರು ಹರಿಸಿದೆ. ಅವರ ವಿಧಾನ ಬೇಕಾದ ತಳ್ಳುಬಲವನ್ನು ಬೇಗ ಮುಟ್ಟುತ್ತಿತ್ತು, ಆದರೆ ಇಂಧನದ ವಾಲ್ವ್ ಬಿಡುವಿಲ್ಲದೆ ಕಟಕಟ ಎನ್ನುತ್ತಿತ್ತು. ನನ್ನದು ತುಸು ತಡ, ವಾಲ್ವ್ ಮಾತ್ರ ತಣ್ಣಗೆ.

ಪರಿಶೀಲನಾ ಸಭೆಯಲ್ಲಿ ಗ್ರಾಹಕರ ಕಡೆಯ ಹಿರಿಯ ಅಧಿಕಾರಿಯೊಬ್ಬರು, "ನಿಮ್ದೇ ಬೇಗ ಮುಟ್ತಿದೆಯಲ್ಲ ಮೇಡಂ, ಅದನ್ನೇ ಇಟ್ಕೊಳ್ಳಿ," ಎಂದರು.

"ಮುಟ್ಟುತ್ತೆ ಸಾರ್. ಆದ್ರೆ ವಾಲ್ವ್ ಸವೆದುಹೋಗುತ್ತೆ. ಇನ್ನೊಂದು ಇವರ ಕೆಲಸ, ಅದೇ ಸರಿಯಾದದ್ದು. ಇವರನ್ನೇ ಕೇಳಿ," ಎಂದು ಮೇಡಂ ನನ್ನತ್ತ ಕೈ ತೋರಿದರು.

ಅಲ್ಲಿಯವರೆಗೆ ನಾನು 'ತಮ್ಮಾ', 'ನೀ'. ಹೊರಗಿನವರ ಮುಂದೆ ಅಂದು 'ಇವರು' ಆದೆ. ಎದ್ದು ನಿಂತೆ; ಯಾವ ಪ್ರಶ್ನೆಗೂ ತಡವರಿಸಲಿಲ್ಲ. ಕೊನೆಗೆ ನನ್ನ ವಿಧಾನವೇ ಆಯ್ಕೆಯಾಯಿತು.

ಸಭೆ ಮುಗಿದು ಗೇಟಿನಾಚೆ ಟೀ ಕುಡಿಯುವಾಗ, ಬೇಜಾರಾಗಲಿಲ್ಲವೇ ಎಂದು ಕೇಳಿದೆ.

"ಆತು. ಇಲ್ಲ ಅಂದ್ರೆ ಸುಳ್ಳಾಗ್ತತಿ," ಎಂದರು. "ಆದ್ರೆ ಹಾರೋದು ಎಂಜಿನ್ನು, ನಾನಲ್ಲ."

ಆ ಎಂಜಿನ್ ಮೊದಲ ಸಲ ಹಾರುವಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಫೋನ್ ಮಾಡಿ ಹೇಳಿದೆ. "ಉಂಡ್ಯೇನು?" ಎಂದರು. ದನಿ ನಡುಗುತ್ತಿತ್ತು.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ನಾನು ಕಾಲೇಜಿನ ಹೆಸರು ಹೇಳುವುದಿಲ್ಲ. ಅವರ ಹೆಸರು ಹೇಳುತ್ತೇನೆ.